ಚರಗದ ಪುಟ್ಟಿ

ಓಬಯ್ಯನ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಇದ್ದಿಲಿನ ಪುಟ್ಟಿ ಹೊತ್ತು ಹೊತ್ತು ಅಲ್ಲಿಯ ಚರ್ಮ ಎಮ್ಮೆಯ ಮೊಣಕಾಲಿನ ಹಾಗೆ ಗಡುಸಾಗಿತ್ತು. ಭದ್ರಾವತಿಯ ಕಬ್ಬಿಣದ ಕುಲುಮೆಗೆ ಬೇಕಾದ ಇದ್ದಿಲು ಕಾಡಿನಿಂದ ವ್ಯಾಗನ್ನುಗಳಲ್ಲಿ ಬರುತ್ತಿತ್ತು. ಕೆಲವು ಸಲ ಅದರ ಹೊಟ್ಟೆಯೊಳಗೆ ಬೆಂಕಿ ಇನ್ನೂ ಸತ್ತಿರುತ್ತಿರಲಿಲ್ಲ. ತಲೆಯ ಮೇಲಿನ ಸಿಂಬಿಯನ್ನು ದಾಟಿ ಬಿಸಿ ನೆತ್ತಿಗೆ ಇಳಿಯುತ್ತಿತ್ತು. ಪುಟ್ಟಿ ಕೆಳಗಿಟ್ಟರೆ ಮೇಸ್ತ್ರಿ ಅವ್ವ ಅಕ್ಕ ಎನ್ನದೆ ಬೈಯುತ್ತಿದ್ದ. ಇಡದಿದ್ದರೆ ತಲೆ ಸುಡುತ್ತಿತ್ತು. ಓಬಯ್ಯ ಇಡುತ್ತಿರಲಿಲ್ಲ. ಎಷ್ಟು ಸುಟ್ಟರೂ ಇದು ಇದ್ದಿಲು, ನೆತ್ತರಲ್ಲ, ಸಂಜೆ ಹೊಳೆಗಿಳಿದರೆ ತೊಳೆದುಹೋಗುತ್ತದೆ ಎನ್ನುತ್ತಿದ್ದ.

ಯಾಕೆ ಹಾಗೆನ್ನುತ್ತಿದ್ದ ಎಂದರೆ ಅವನದು ಚರಗ ಹೊರುವ ಮನೆತನ. ಚರಗ ಎಂದರೇನೆಂದು ಗೊತ್ತಿಲ್ಲದವರು ಪುಣ್ಯವಂತರು. ಊರಿಗೆ ಬೇನೆ ಬಂದರೆ ಮಾರಿಗೆ ಕೋಣ ಕಡಿಯುತ್ತಾರೆ. ಅದರ ನೆತ್ತರನ್ನು ಅನ್ನಕ್ಕೆ ಕಲಸಿ ಪುಟ್ಟಿಗೆ ತುಂಬುತ್ತಾರೆ. ಹೊಲಗೇರಿಯ ಒಬ್ಬ ಗಂಡಸಿನ ಬಟ್ಟೆ ಬಿಚ್ಚಿಸುತ್ತಾರೆ. ಸೊಂಟಕ್ಕೆ ಬೇವಿನ ಸೊಪ್ಪು ಕಟ್ಟಿ, ಪುಟ್ಟಿಯನ್ನು ಅವನ ತಲೆಗೆ ಏರಿಸುತ್ತಾರೆ. ಅವನು ಬಲಿ ಬಲಿ ಎಂದು ಕೂಗುತ್ತಾ ಊರಿನ ಎಲ್ಲೆಯ ಸುತ್ತ ಆ ಅನ್ನ ಚೆಲ್ಲಬೇಕು. ನೆತ್ತರು ಪುಟ್ಟಿಯ ಸಂದಿಯಿಂದ ಕಣ್ಣಿಗಿಳಿಯುತ್ತದೆ, ಬಾಯಿಗಿಳಿಯುತ್ತದೆ. ಒರೆಸಿಕೊಳ್ಳುವ ಹಾಗಿಲ್ಲ. ಕೋಣ ಕೊಡುವವರು ಗೌಡರು. ಗಳಿಗೆ ಹೇಳುವವರು ಜೋಯಿಸರು. ಹೊರುವವನು ಮಾತ್ರ ಓಬಯ್ಯನ ಅಪ್ಪ.

ಇಷ್ಟೇ ಆಗಿದ್ದರೆ ಮಾನ ಒಂದೇ ಹೋಗುತ್ತಿತ್ತು. ಪುಟ್ಟಿಯ ಕೊನೆಯ ಹಿಡಿಯನ್ನು ಪಕ್ಕದ ಊರಿನ ಎಲ್ಲೆಯೊಳಗೆ ಚೆಲ್ಲಿದರೆ ಬೇನೆ ಅವರ ಊರಿಗೆ ದಾಟುತ್ತದೆ ಎಂದು ನಂಬಿಕೆ. ಹಾಗಾಗಿ ಹೊತ್ತವನನ್ನು ಈ ಊರಿನವರು ಹಿಂದಿನಿಂದ ದಬ್ಬುತ್ತಾರೆ, ಆ ಊರಿನವರು ದೊಣ್ಣೆ ಹಿಡಿದು ಮುಂದೆ ಕಾಯುತ್ತಾರೆ. ಓಬಯ್ಯನ ಅಪ್ಪನನ್ನು ಹಾಗೆ ಕಾದೇ ಹೊಡೆದರು. ತಲೆ ಒಡೆದು ಅವನು ಎಲ್ಲೆಯ ಕಲ್ಲಿನ ಪಕ್ಕ ಸತ್ತ. ಊರಿನವರು ಅಳಲಿಲ್ಲ. ಮಾರಿ ಈ ಸಲ ಜೋಡಿ ಬಲಿ ತಗೊಂಡಳು, ಇನ್ನು ಚಿಂತೆಯಿಲ್ಲ ಎಂದರು. ಮುಂದಿನ ಸಲ ಪುಟ್ಟಿ ಮಗನದು ಎಂದು ಅಲ್ಲೇ ತೀರ್ಮಾನವೂ ಆಯಿತು. ಅಪ್ಪನ ಮಣ್ಣು ಆರುವ ಮೊದಲೇ ಓಬಯ್ಯ ಹೆಂಡತಿ ಲಿಂಗಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಓಡಿಬಂದ.

ಶಿವಮೊಗ್ಗದಲ್ಲಿ ತುಂಗೆಯ ದಂಡೆಯ ಮೇಲೆ ಮರದ ದಿಮ್ಮಿ ಎಳೆಯುವ ಕೆಲಸ ಸಿಕ್ಕಿತು. ಅಲ್ಲಿಯೇ ಅವನು ಉಪದೇಶಿ ದೇವಪುತ್ರಪ್ಪನವರ ಮಾತು ಕೇಳಿದ್ದು. ಉಪದೇಶಿಗಳೆಂದರೆ ಪಾದ್ರಿಗಳ ಕೈಕೆಳಗೆ ಬೀದಿ ಬೀದಿಯಲ್ಲಿ ಸುವಾರ್ತೆ ಸಾರುವವರು. ದೇವಪುತ್ರಪ್ಪನವರ ತಾತ ಗೌಡರ ಮನೆಯಿಂದ ಮತಕ್ಕೆ ಬಂದವರಂತೆ. ಬಿಳಿ ಕೋಟು, ಕಪ್ಪು ಕೊಡೆ, ಕಣ್ಣಲ್ಲಿ ನೀರು ತರಿಸುವ ಕಂಠ. ಅವರು ಹೇಳಿದ ಕಥೆ ಓಬಯ್ಯನಿಗೆ ಹೊಸದಾಗಿ ಕಾಣಲಿಲ್ಲ. ಒಬ್ಬ ಮನುಷ್ಯನ ಬಟ್ಟೆ ಬಿಚ್ಚಿಸಿದರು, ಭಾರ ಹೊರಿಸಿದರು, ಹೊಡೆಯುತ್ತಾ ಊರ ಹೊರಗೆ ಕರೆದುಕೊಂಡು ಹೋಗಿ ಕೊಂದರು. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಆಮೇಲಿನದು. ಆ ಬಲಿಯೇ ಕಡೆಯ ಬಲಿ ಎಂದರು ಉಪದೇಶಿಗಳು. ಅದು ಎಲ್ಲರ ಬದಲಿಗೆ ಕೊಟ್ಟದ್ದು. ಇನ್ನು ಯಾವ ದೇವರಿಗೂ ಯಾರೂ ನೆತ್ತರು ಕೊಡಬೇಕಾಗಿಲ್ಲ, ನೆತ್ತರು ಹೊರಬೇಕಾಗಿಲ್ಲ. ದೇವರ ಪ್ರೀತಿಗೆ ನೀನು ಏನೂ ತೆರಬೇಕಾಗಿಲ್ಲ, ಅದು ಪುಕ್ಕಟೆ ಎಂದರು.

ಪುಕ್ಕಟೆ ಎಂಬ ಮಾತನ್ನು ಓಬಯ್ಯ ಜೀವಮಾನದಲ್ಲಿ ನಂಬಿದವನಲ್ಲ. ಅವನ ಜಾತಿಯವರಿಗೆ ಪುಕ್ಕಟೆ ಸಿಗುತ್ತಿದ್ದದ್ದು ಒದೆ ಒಂದೇ. ಆ ದಿನ ಮಾತ್ರ ನಂಬಿದ. ದಂಡೆಯ ಮೇಲೆ ಕೂತು ಗೋಳೋ ಎಂದು ಅತ್ತ. ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡರು. ಪಾದ್ರಿಗಳು ಅವನಿಗೆ ಕೃಪಾದಾನ ಎಂದು ಹೆಸರಿಟ್ಟರು. ಉಪದೇಶಿಗಳು ಅವನನ್ನು ಬಾಯ್ತುಂಬಾ ಕೃಪಾದಾನ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಆಮೇಲೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೂಲಿ ಹೆಚ್ಚು ಎಂದು ಕೇಳಿ ಅಲ್ಲಿಗೆ ಬಂದ. ಇದ್ದಿಲು ಹೊರುವವರಿಗಾಗಿ ಕಂಟ್ರಾಕ್ಟರ್ ಓಂಕಾರಪ್ಪ ಕಟ್ಟಿಸಿದ್ದ ತಗಡಿನ ಲೈನುಗಳಲ್ಲಿ ಒಂದು ಗೂಡು ಸಿಕ್ಕಿತು. ತಮಿಳರು, ತೆಲುಗರು, ಬಯಲುಸೀಮೆಯವರು, ಎಲ್ಲ ಕಲಸುಮೇಲೋಗರ. ಉಪದೇಶಿಗಳೂ ಅಲ್ಲಿಗೇ ವರ್ಗವಾಗಿ ಬಂದರು. ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅವರಿಗೊಂದು ಪ್ರಾರ್ಥನಾ ಮಂದಿರ ಬೇಕೆಂದು ಉಪದೇಶಿಗಳು ಹಟ ಹಿಡಿದರು. ಓಂಕಾರಪ್ಪ ಲೈನಿನ ಹಿಂದೆ ತುಂಡು ಜಾಗ ಕೊಟ್ಟ. ತೊಲೆ, ಹೆಂಚು ಕೊಡುವುದಾಗಿ ಮಾತೂ ಕೊಟ್ಟ. ಗೋಡೆಗೆ ಮಣ್ಣು ತುಳಿದವನು ಓಬಯ್ಯ. ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಉರಿಯುವ ತಲೆಯ ಮೇಲೆ ಮತ್ತೆ ಕಲ್ಲು ಹೊತ್ತವನೂ ಅವನೇ.

ಅವನ ಗೂಡಿನ ಪಕ್ಕದಲ್ಲಿದ್ದವನು ಕರಿಯಣ್ಣ. ಹೆಂಡತಿಯಿಲ್ಲದ ಮುದುಕ, ತಮಟೆ ಬಾರಿಸುವವನು, ಸಂಜೆಯಾದರೆ ಹೆಂಡ. ಓಬಯ್ಯನ ಜಾತಿಯವನೇ, ಆದರೆ ನೆಂಟನಲ್ಲ, ಊರಿನವನಲ್ಲ. ಮತಾಂತರವಾದವನೂ ಅಲ್ಲ. ಓಬಯ್ಯನನ್ನು ಕಂಡರೆ 'ಏನಪ್ಪ ಪಾದ್ರಿ, ಸ್ವರ್ಗದಲ್ಲಿ ಹೆಂಡ ಸಿಗುತ್ತಾ?' ಎಂದು ಕಿಚಾಯಿಸುತ್ತಿದ್ದ. ಮಾರಿಗೆ ಬಿಟ್ಟ ಮಾಂಸ ತಿನ್ನುವವರ ಜೊತೆ ಉಣ್ಣಬಾರದೆಂದು ಉಪದೇಶಿಗಳು ಕಟ್ಟಳೆ ಮಾಡಿದ್ದರು. ಒಂದು ಹಬ್ಬದಲ್ಲಿ ಕರಿಯಣ್ಣ ಎಲೆಯಲ್ಲಿ ಬಾಡು ತಂದುಕೊಟ್ಟಾಗ ಓಬಯ್ಯ ಅದನ್ನು ಅವನ ಕಣ್ಣೆದುರೇ ನಾಯಿಗೆ ಎಸೆದ. ಈಗ ನೆನೆದರೆ ಕೈ ಕತ್ತರಿಸಿಕೊಳ್ಳಬೇಕೆನಿಸುವಂಥ ಕೆಲಸ ಅದು. ಆದರೆ ಆಗ ಅವನಿಗೆ ಮತದ ಮದ. ಕರಿಯಣ್ಣ ಸಿಟ್ಟಾಗಲಿಲ್ಲ. ನಾಯಿಗಾದ್ರೂ ಹೊಟ್ಟೆ ತುಂಬ್ತು ಬಿಡು ಮಾರಾಯ ಎಂದು ನಗುತ್ತಾ ಹೋದ.

ಆ ಬೇಸಿಗೆ ಲೈನಿಗೆ ಕಾಲರಾ ಬಂತು. ಬೆಳಿಗ್ಗೆ ಪುಟ್ಟಿ ಹೊತ್ತವನು ಸಂಜೆಗೆ ಹೆಣವಾಗುತ್ತಿದ್ದ. ಹೊಳೆಯ ಕೆಳಗಿನ ಗುಂಡಿಯ ನೀರನ್ನೇ ಲೈನಿನವರು ಕುಡಿಯುತ್ತಿದ್ದರು. ಬಾವಿ ತೋಡಿಸಿಕೊಡಿ ಎಂದು ಎಷ್ಟು ಸಲ ಕೇಳಿದರೂ ಓಂಕಾರಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ. ಕೂಲಿಗಳು ಗಂಟು ಕಟ್ಟಿಕೊಂಡು ಓಡತೊಡಗಿದರು. ವ್ಯಾಗನ್ನುಗಳು ಖಾಲಿಯಾಗದೆ ನಿಂತವು. ಆಗ ಓಂಕಾರಪ್ಪನಿಗೆ ಎಚ್ಚರವಾಯಿತು. ಆಗಲೂ ಬಾವಿ ತೋಡಿಸಲಿಲ್ಲ. ಕೋಣ ತರಿಸಿದ. ಕೋಣ ಅಗ್ಗ ನೋಡಿ.

ಲೈನಿನ ಸುತ್ತ ಚರಗ ಚೆಲ್ಲಬೇಕು, ಕೊನೆಯ ಹಿಡಿಯನ್ನು ಹಳೆಯ ಪೇಟೆಯ ಕಡೆ, ಕಾರ್ಖಾನೆಯವರು ಓಲ್ಡ್ ಟೌನ್ ಎನ್ನುವ ಕಡೆ, ಚೆಲ್ಲಿ ಬರಬೇಕು ಎಂದು ಅವನ ಅಪ್ಪಣೆಯಾಯಿತು. ಹೊರುವವನು ಮನೆತನದವನೇ ಆಗಬೇಕು, ಇಲ್ಲದಿದ್ದರೆ ಮಾರಿ ತಿರುಗಿ ಬೀಳುತ್ತಾಳೆ. ಲೈನಿನಲ್ಲಿ ಅಂಥವನು ಯಾರಿದ್ದಾನೆಂದು ಹುಡುಕಿದಾಗ ಯಾರೋ ಓಬಯ್ಯನ ಹೆಸರು ಹೇಳಿದರು. ಓಬಯ್ಯ ಹೋಗಿ ಕೈಮುಗಿದು, ನಾನು ಕ್ರೈಸ್ತ, ಅದು ನನ್ನಿಂದ ಆಗುವುದಿಲ್ಲ ಎಂದ. ಓಂಕಾರಪ್ಪ ರೇಗಲಿಲ್ಲ. ನಿಮ್ಮ ಉಪದೇಶಿಯ ಹತ್ತಿರ ಮಾತಾಡ್ತೀನಿ ಹೋಗು ಎಂದ. ಓಬಯ್ಯ ನೆಮ್ಮದಿಯಿಂದ ಮನೆಗೆ ಬಂದ. ಉಪದೇಶಿಗಳು ಅವನಿಗೆ ಸರಿಯಾಗಿ ಹೇಳುತ್ತಾರೆ ನೋಡು ಎಂದು ಲಿಂಗಮ್ಮನ ಹತ್ತಿರ ಜಂಬ ಕೊಚ್ಚಿದ. ಹುತ್ತಕ್ಕೆ ಕೈಹಾಕಿ ಹಾವು ಕಾಯುತ್ತದೆ ಎಂದುಕೊಂಡವನ ಹಾಗಾಯಿತು ಅವನ ಪಾಡು.

ಮಾರನೆಯ ಬೆಳಿಗ್ಗೆ ದೇವಪುತ್ರಪ್ಪನವರು ಬಂದರು. ಬಾಗಿಲಿನ ಹೊರಗೆ ನಿಂತು ಓಬಯ್ಯ ಎಂದು ಕರೆದರು. ಕೃಪಾದಾನ ಎನ್ನಲಿಲ್ಲ. ಅದು ಅವನ ಕಿವಿಗೆ ಬಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಮಾತು ತೆಗೆದರು. ಓಂಕಾರಪ್ಪ ಕೆಟ್ಟವನಲ್ಲ, ಅಜ್ಞಾನಿ. ಅವನ ಮನಸ್ಸು ಮುರಿದರೆ ಕ್ರೈಸ್ತರನ್ನೆಲ್ಲ ಲೈನಿನಿಂದ ಎಬ್ಬಿಸುತ್ತಾನೆ. ಮಂದಿರದ ಜಾಗ ಹೋಗುತ್ತದೆ, ತೊಲೆ ಹೋಗುತ್ತದೆ. ಮುಂದಿನ ತಿಂಗಳು ಶಿವಮೊಗ್ಗದಿಂದ ಪಾದ್ರಿಗಳು ಪ್ರತಿಷ್ಠೆಗೆ ಬರುವವರಿದ್ದಾರೆ. ಎಲ್ಲರಿಗೋಸ್ಕರ ಒಬ್ಬ ಸ್ವಲ್ಪ ತಗ್ಗಿದರೆ ಏನಾಗುತ್ತದೆ? ನೀನು ಮಾರಿಗೆ ಕೈಮುಗಿಯಬೇಡ, ಬರೀ ಹೊರು.

ಓಬಯ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಹೊಸಿಲಿನ ಮೇಲೆ ಕೂತುಬಿಟ್ಟ.

'ನೀವೇ ಹೇಳಿದ್ರಲ್ಲ ಉಪದೇಶಿಗಳೇ, ಇನ್ನು ಯಾರೂ ಹೊರಬೇಕಾಗಿಲ್ಲ ಅಂತ.'

'ಹೇಳಿದ್ದು ನಿಜ. ಆದರೆ ಕರ್ತನು ಶಿಲುಬೆ ಹೊರಲಿಲ್ವಾ? ಇದು ನಿನ್ನ ಶಿಲುಬೆ ಅಂದ್ಕೋ. ಮನಸ್ಸಿನಲ್ಲಿ ಯೇಸುಸ್ವಾಮಿ ಇದ್ದರೆ ತಲೆ ಮೇಲೆ ಏನಿದ್ದರೇನು ಓಬಯ್ಯ?'

'ಅವನು ಹೊತ್ತದ್ದು ನಾನು ಹೊರಬಾರದು ಅಂತ ಅಲ್ವಾ? ನಾನೂ ಹೊರೋದಾದ್ರೆ ಅವನು ಯಾರಿಗೆ ಹೊತ್ತ?' ಎಂದ ಓಬಯ್ಯ. 'ತಲೆ ಮೇಲೆ ಏನಿದ್ದರೂ ಆಗ್ತದೆ ಅಂದ್ರೆ ನೀವೇ ಹೊರಬಹುದಲ್ಲ. ನಿಮ್ಮ ಮನಸಲ್ಲೂ ಯೇಸುಸ್ವಾಮಿ ಇದ್ದಾನಲ್ಲ.'

ಉಪದೇಶಿಗಳು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

'ನಮ್ಮ ಮನೆತನದಲ್ಲಿ ಅದು ಇಲ್ಲ' ಎಂದರು.

ಅಷ್ಟೇ. ಬೇರೆ ಯಾವ ಮಾತನ್ನಾದರೂ ಅವನು ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಮತಕ್ಕೆ ಬಂದು ಮೂರು ತಲೆಮಾರಾದರೂ ಗೌಡ ಗೌಡನಾಗಿಯೇ ಉಳಿದಿದ್ದ. ಒಂದೇ ಬಟ್ಟಲಿನ ರಸ ಕುಡಿದು, ಒಂದೇ ರೊಟ್ಟಿ ಮುರಿದು, ನಾವೆಲ್ಲ ಒಂದೇ ಶರೀರ ಎಂದು ಹಾಡಿದ್ದೆಲ್ಲ ಹಾಡಿಗೆ ಮಾತ್ರ. ಒಳಗೆ ಮುದ್ದೆ ತೊಳಸುತ್ತಿದ್ದ ಲಿಂಗಮ್ಮ ಕೋಲು ಹಿಡಿದೇ ಹೊರಗೆ ಬಂದಳು. ಹಾಗಾದರೆ ನಮ್ಮ ತಲೆ ಮೇಲೆ ನೀರು ಹಾಕಿದ್ದು ಯಾವುದಕ್ಕೆ, ನೆತ್ತರು ಹೊರೋಕೆ ತಲೆ ತೊಳೆದು ಇಟ್ಟಿರಾ ಎಂದು ಕೇಳಿದಳು. ಉಪದೇಶಿಗಳು ಹೆಂಗಸರ ಜೊತೆ ಮಾತು ಬೆಳೆಸಲಿಲ್ಲ. ಮಧ್ಯಾಹ್ನ ಬೇವಿನ ಮರದ ಹತ್ತಿರ ಬಾ, ನಾನೂ ಅಲ್ಲಿರುತ್ತೇನೆ, ನಿನಗಾಗಿ ಪ್ರಾರ್ಥಿಸುತ್ತೇನೆ ಎಂದು ಹೇಳಿ ಹೊರಟುಹೋದರು.

ಮಧ್ಯಾಹ್ನ ಅವನಾಗಿ ಹೋಗಲಿಲ್ಲ. ಓಂಕಾರಪ್ಪನ ಆಳುಗಳು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಬೇವಿನ ಮರದ ಕೆಳಗೆ ಕೋಣದ ಮುಂಡ ಬಿದ್ದಿತ್ತು. ನೊಣಗಳು ಮುತ್ತಿದ್ದವು. ಪಕ್ಕದಲ್ಲಿ ಪುಟ್ಟಿ. ಲೈನಿನ ಜನರೆಲ್ಲ ಸೇರಿದ್ದರು. ಅವರ ಕಣ್ಣಲ್ಲಿ ಸಾವಿನ ಭಯವಿತ್ತು, ಅವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ದೇವಪುತ್ರಪ್ಪನವರು ನೆತ್ತರು ಸಿಡಿಯದಷ್ಟು ದೂರದಲ್ಲಿ, ಕೊಡೆಯ ನೆರಳಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಆಳುಗಳು ಅವನ ಅಂಗಿ ಹರಿದರು. ಪಂಚೆಗೆ ಕೈಹಾಕಿದರು. ಓಬಯ್ಯ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತ.

'ಹೊರಲ್ಲ' ಎಂದ.

ಬೆನ್ನಿಗೆ ಬಿತ್ತು. ಹೊರಲ್ಲ ಎಂದ. ಪಕ್ಕೆಗೆ ಒದ್ದರು. ನಿನ್ನ ಗೂಡು ಸುಡ್ತೀವಿ, ನಿನ್ನ ಹೆಂಡತಿಯನ್ನು ಬೀದಿಗೆ ಎಳೀತೀವಿ ಎಂದರು. ಹೊರಲ್ಲ. ಅವನ ಬಾಯಿ ಒಡೆದು ಮಾತು ಸರಿಯಾಗಿ ಹೊರಡದೆ ಇದ್ದಾಗಲೂ ತಲೆ ಅಲ್ಲಾಡಿಸುತ್ತಿದ್ದ. ಅವನಪ್ಪ, ಅಪ್ಪನ ಅಪ್ಪ, ಆ ಮನೆತನದ ಎಷ್ಟೋ ಗಂಡಸರು ಹೇಳದೆ ನುಂಗಿಕೊಂಡ ಮಾತು ಅದು. ಓಬಯ್ಯ ಒಮ್ಮೆ ಉಪದೇಶಿಗಳ ಕಡೆ ನೋಡಿದ. ಅವರು ಕಣ್ಣು ತೆರೆಯಲಿಲ್ಲ. ಪ್ರಾರ್ಥನೆ ಉದ್ದವಾಗಿತ್ತು.

ಆಗ ಗುಂಪಿನಿಂದ ಕರಿಯಣ್ಣ ಬಂದ. ತಮಟೆಯನ್ನು ಯಾರ ಕೈಗೋ ಕೊಟ್ಟು, ಓಂಕಾರಪ್ಪನ ಮುಂದೆ ನಿಂತು, ಇವನನ್ನು ಬಿಡಿ ಸಾಹುಕಾರ್ರೇ ಎಂದ. ನಾನು ಇವನ ದೊಡ್ಡಪ್ಪ, ಇವನಪ್ಪನೂ ನಾನೂ ಅಣ್ಣತಮ್ಮಂದಿರ ಮಕ್ಕಳು, ಪುಟ್ಟಿಯ ಹಕ್ಕು ಮೊದಲು ಹಿರಿಯನಾದ ನನ್ನದು ಎಂದ. ಶುದ್ಧ ಸುಳ್ಳು. ಓಬಯ್ಯ ನೆಲದಿಂದಲೇ ಅಲ್ಲ ಅಲ್ಲ ಎಂದು ಒದರಿದ. ಮುದುಕ ಬಗ್ಗಿ ಅವನ ಬಾಯಿಯ ಮೇಲೆ ಕೈ ಇಟ್ಟ. ಸುಮ್ಮನಿರೋ ಪಾದ್ರಿ, ಎರಡು ಬುಂಡೆ ಹೆಂಡ ಕೊಡ್ತಾರೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡ ಎಂದು ಪಿಸುಗುಟ್ಟಿ ನಕ್ಕ. ಓಂಕಾರಪ್ಪನಿಗೆ ಹೊರುವ ತಲೆ ಬೇಕಿತ್ತು, ಯಾವ ತಲೆಯಾದರೇನು. ಮುದುಕನ ಬಟ್ಟೆ ಬಿಚ್ಚಿಸಿದರು. ಬಡಕಲು ಮೈಗೆ ಬೇವು ಕಟ್ಟಿದರು. ಪುಟ್ಟಿ ಏರಿಸಿದಾಗ ಅವನ ಮಂಡಿ ನಡುಗಿದ್ದನ್ನು ಓಬಯ್ಯ ನೋಡಿದ.

ಬಲಿ ಬಲಿ ಎಂಬ ಕೂಗು ಲೈನು ಸುತ್ತಿ, ಹಳೆಯ ಪೇಟೆಯ ಕಡೆ ಹೋಯಿತು. ಅಲ್ಲಿ ಜನ ಕಾಯುತ್ತಿದ್ದರು. ಅವರಿಗೂ ಮಕ್ಕಳುಮರಿ ಇದ್ದವು, ಅವರಿಗೂ ಬೇನೆಯ ಭಯ. ದೊಣ್ಣೆ ಕಂಡದ್ದೇ ತಡ, ಕಾವಲಿಗೆ ಹೋಗಿದ್ದ ಆಳುಗಳು ಕಾಲು ಕಿತ್ತರು. ಮುದುಕ ಓಡಲಾರದೆ ಹೋದ.

ಸಂಜೆ ಒಂದು ಹಲಗೆಯ ಮೇಲೆ ಅವನನ್ನು ತಂದು ಹಾಕಿದರು. ಲಿಂಗಮ್ಮ ಮುಖ ತೊಳೆದಳು. ಕೋಣದ ನೆತ್ತರು ಎಷ್ಟು, ಅವನದೆಷ್ಟು ಎಂದು ತಿಳಿಯುವ ಹಾಗಿರಲಿಲ್ಲ. ಓಬಯ್ಯ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಒಂದು ಎಲೆ ಬಾಡನ್ನು ನಿನ್ನ ಕೈಯಿಂದ ತಿನ್ನದೆ ಹೋದವನು ನಾನು, ನನಗಾಗಿ ಯಾಕೆ ಹೋದೆ, ನಾನು ನಿನಗೆ ಏನಾಗಬೇಕು ಎಂದು ಕೇಳಿ ಕೇಳಿ ಅತ್ತ. ಬೆಳಗಿನ ಹೊತ್ತಿಗೆ ಮುದುಕ ಕಣ್ಣು ಬಿಟ್ಟ.

'ಹೊರಲ್ಲ ಅಂದೆಯಲ್ಲ ನೀನು' ಎಂದ. 'ನಮ್ಮೋರಲ್ಲಿ ಒಬ್ಬನಾದ್ರೂ ಅಂದ. ಅದು ಉಳೀಲಿ ಅಂತ.'

ಬಿಸಿಲೇರುವ ಮೊದಲೇ ಸತ್ತ.

ಹೂಳುವುದೆಲ್ಲಿ? ಹೊಳೆಯ ದಂಡೆಯ ಮಸಣಕ್ಕೆ ಹೋಗುವ ದಾರಿಯಲ್ಲಿ ಹಳೆಯ ಪೇಟೆಯವರು ಕಾವಲು ನಿಂತಿದ್ದರು, ಚರಗ ಹೊತ್ತ ಹೆಣ ಈ ಕಡೆ ಬರಬಾರದು ಎಂದರು. ಕತ್ತಲಾಗುವುದರೊಳಗೆ ಹೆಣ ಲೈನಿನಿಂದ ಹೋಗಬೇಕು, ಎಲ್ಲಿಗೆ ಎಂದು ನನ್ನನ್ನು ಕೇಳಬೇಡಿ ಎಂದ ಓಂಕಾರಪ್ಪ. ಉಳಿದದ್ದು ಪ್ರಾರ್ಥನಾ ಮಂದಿರದ ಹಿತ್ತಲು. ಕಾಲರಾದಲ್ಲಿ ಹೋದ ಕ್ರೈಸ್ತರನ್ನು ಅಲ್ಲಿ ಹೂಳಿದ್ದರು. ಓಬಯ್ಯ ಊದಿಕೊಂಡ ಮುಖದಲ್ಲೇ ಹಾರೆ, ಸಲಿಕೆ ತಂದು ಅಗೆಯತೊಡಗಿದ. ಸುದ್ದಿ ತಿಳಿದು ದೇವಪುತ್ರಪ್ಪನವರು ಓಡಿಬಂದರು.

ನಿನ್ನೆ ನಿನ್ನ ಮೈಮೇಲೆ ಕೈಮಾಡಿದ್ದು ತಪ್ಪು, ಅದಕ್ಕೆ ನನಗೂ ದುಃಖವಿದೆ, ನಿಲ್ಲಿಸುವುದು ನನ್ನ ಕೈಯಲ್ಲಿ ಇರಲಿಲ್ಲ ಎಂದರು. ದೇವರು ಯಾವ ರೀತಿಯಲ್ಲಿ ನಿನ್ನನ್ನು ಪಾರುಮಾಡಿದ ನೋಡು ಎಂದರು. ಓಬಯ್ಯ ಅಗೆಯುತ್ತಲೇ ಇದ್ದ. ಇಲ್ಲಿ ಮಾತ್ರ ಆಗುವುದಿಲ್ಲ ಎಂದರು ಆಮೇಲೆ. ಅವನು ದೀಕ್ಷಾಸ್ನಾನ ಆದವನಲ್ಲ. ಅದೂ ಅಲ್ಲದೆ ವಿಗ್ರಹಕ್ಕೆ ಕೊಟ್ಟ ನೆತ್ತರು ಹೊತ್ತು ಸತ್ತವನು. ಪವಿತ್ರ ಭೂಮಿ ಇದು.

ಓಬಯ್ಯ ಹಾರೆ ನಿಲ್ಲಿಸಿದ.

'ನಾನು ಹೊರಬೇಕಾದಾಗ ಅದು ಬರೀ ಪುಟ್ಟಿ. ಅವನು ಹೊತ್ತು ಸತ್ತಾಗ ವಿಗ್ರಹದ ನೆತ್ತರಾ?'

'ಶಾಸ್ತ್ರ ಅಂತ ಒಂದಿದೆ ಓಬಯ್ಯ. ಸಭೆಯಿಂದ ಹೊರಗೆ ಹಾಕಿಸಬೇಕಾಗ್ತದೆ ನಿನ್ನ.'

'ಹಾಕಿಸಿ' ಎಂದು ಅವನು ಮತ್ತೆ ಹಾರೆ ಎತ್ತಿದ. 'ನಿಮ್ಮ ಮಂದಿರದ ಗೋಡೆಗೆ ತುಳಿದ ಮಣ್ಣು ನನ್ನ ಕಾಲಿನದು. ಅದನ್ನೂ ಕೆಡವಿಸಿ. ಗುಂಡಿ ಮಾತ್ರ ತೋಡ್ತೀನಿ.'

ಉಪದೇಶಿಗಳು ಸುತ್ತ ನೋಡಿದರು. ಲೈನಿನ ಜನ ಒಬ್ಬೊಬ್ಬರಾಗಿ ಬಂದು ಬೇಲಿಯ ಬದಿಯಲ್ಲಿ ನಿಂತಿದ್ದರು. ನಿನ್ನೆ ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿದ್ದವರೇ ಅವರು. ಒಬ್ಬ ತಮಿಳು ಹೆಂಗಸು ಒಳಗೆ ಬಂದು ಗುಂಡಿಯ ಮಣ್ಣನ್ನು ಪುಟ್ಟಿಗೆ ಎಳೆದುಕೊಂಡಳು. ಇನ್ನೊಬ್ಬ ಗಂಡಸು ಸಲಿಕೆ ಹಿಡಿದ. ಉಪದೇಶಿಗಳು ಹಿಂದಕ್ಕೆ ಸರಿದು ಮಂದಿರದ ಮೆಟ್ಟಿಲ ಮೇಲೆ ನಿಂತರು. ನಾನು ಪ್ರಾರ್ಥನೆ ಮಾಡುವುದಿಲ್ಲ, ಯಾರೂ ಮಾಡಕೂಡದು ಎಂದು ಅಲ್ಲಿಂದಲೇ ಹೇಳಿದರು.

ಕರಿಯಣ್ಣನನ್ನು ಲಿಂಗಮ್ಮನ ಮದುವೆಯ ಸೀರೆಯಲ್ಲಿ ಸುತ್ತಿ ತಂದು ಇಳಿಸಿದರು. ಓಬಯ್ಯ ಗುಂಡಿಯ ಅಂಚಿನಲ್ಲಿ ನಿಂತ. ಮಣ್ಣಾದ ಕೈ ಜೋಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಸಾಲ ತೀರಿಸಬೇಕಾದವನ ಹತ್ತಿರ ಮಾತಾಡುವ ಹಾಗೆ ಗಟ್ಟಿಯಾಗಿ ಮಾತಾಡಿದ.

'ಸ್ವಾಮೀ, ಇವನು ನಿನ್ನ ಹೆಸರು ಹಿಡಿದವನಲ್ಲ. ಕುಡುಕ. ನಾನು ಇವನಿಗೆ ಏನೂ ಮಾಡಿದವನಲ್ಲ, ಮಾಡಿದ್ದು ಅವಮಾನ ಒಂದೇ. ಆದರೂ ನನ್ನ ಬದಲಿಗೆ ಬಟ್ಟೆ ಬಿಚ್ಚಿಸಿಕೊಂಡ, ನನ್ನ ಬದಲಿಗೆ ಹೊತ್ತ, ನನ್ನ ಬದಲಿಗೆ ಸತ್ತ. ಅದು ನೀನು ಮಾಡಿದ ಕೆಲಸ ಅಂತ ನಂಗೆ ಹೇಳಿದ್ರು. ನಿಜವಾಗ್ಲೂ ಮಾಡಿದ್ದೀಯ ಅಂದ್ರೆ ಇವನ ಗುರುತು ನಿನಗೆ ಸಿಗ್ತದೆ. ಎದ್ದು ಬಂದು ಪಕ್ಕದಲ್ಲಿ ಕೂರಿಸ್ಕೋ. ಸಿಗಲಿಲ್ಲ ಅಂದ್ರೆ, ಇವನನ್ನ ಹೊರಗೇ ನಿಲ್ಲಿಸ್ತೀಯ ಅಂದ್ರೆ, ನನಗೂ ಅಲ್ಲೇ ಜಾಗ ಇಡು. ನಾನು ಇವನ ಕಡೆಯವನು.'

ಆಮೇಲೆ ಮೊದಲ ಹಿಡಿ ಮಣ್ಣು ಹಾಕಿದ.